ಆನೆ ಮೇಲೆ ಕೂತು ತೇಗ ಎಣಿಸಿದ ಬ್ರಾಂಡಿಸ್: ನಿಂತ ಮರದಲ್ಲಿ ಎಷ್ಟು ನಾಟಾ ಇದೆ ಅಂತ ತಿಳಿಯೋದು ಹೇಗೆ?

ಅಡಿಕೆ ರೇಟು, ಬೋರ್‌ವೆಲ್ ಪಾಯಿಂಟು, ಭದ್ರಾ ಡ್ಯಾಮಿನ ನೀರಿನ ಮಟ್ಟ. ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಇವುಗಳ ಜೊತೆ ಇನ್ನೊಂದು ಫಾರ್ವರ್ಡ್ ಕೂಡ ಸುತ್ತುತ್ತಲೇ ಇರುತ್ತದೆ. ಒಂದು ಎಕರೆಗೆ 500 ತೇಗದ ಸಸಿ ನೆಡಿ, ಹದಿನೈದು ವರ್ಷಕ್ಕೆ ಮರಕ್ಕೆ 20 ಸಿಎಫ್‌ಟಿ ನಾಟಾ ಬರುತ್ತದೆ, ಸಿಎಫ್‌ಟಿಗೆ 3,000 ರೂಪಾಯಿ, ಒಟ್ಟು ಮೂರು ಕೋಟಿ. ಕೊನೆಯಲ್ಲಿ ಕೈಮುಗಿದ ಎಮೋಜಿ, ಎಲ್ಲ ರೈತರಿಗೂ ತಲುಪಿಸಿ ಎಂಬ ಕೋರಿಕೆ.

ಅಜ್ಜಂಪುರದ ಹತ್ತಿರ ಇರುವ ನನ್ನ ಚಿಕ್ಕಪ್ಪನಿಗೆ ಇದು ಬಂದಾಗ ಅವರ ಕೈಲಿ ಇನ್ನೊಂದು ಲೆಕ್ಕವೂ ಇತ್ತು. ತೋಟದ ಬದುವಿನ ಮೇಲೆ ಅವರು ಹಾಕಿದ್ದ 22 ತೇಗದ ಮರ ನೋಡಲು ಒಬ್ಬ ವ್ಯಾಪಾರಿ ಬಂದಿದ್ದ. ಟೇಪು ಹಿಡಿಯಲಿಲ್ಲ. ಬದುವಿನ ಮೇಲೆ ಒಂದು ಸಲ ಅತ್ತಿಂದಿತ್ತ ನಡೆದ, ಅಷ್ಟಕ್ಕೂ ಸೇರಿಸಿ ಒಂದು ಮೊತ್ತ ಹೇಳಿದ. ಫಾರ್ವರ್ಡಿನ ಲೆಕ್ಕಕ್ಕೂ ಅವನ ಲೆಕ್ಕಕ್ಕೂ ಆಕಾಶ ಭೂಮಿಯ ಅಂತರ. ಯಾವುದು ಸುಳ್ಳು ಅಂತ ಚಿಕ್ಕಪ್ಪ ನನಗೆ ಫೋನ್ ಮಾಡಿದರು. ಮಗಳ ಮದುವೆ ಖರ್ಚು ಎದುರಿಗಿತ್ತು, ಸುಮ್ಮನೆ ಕುತೂಹಲಕ್ಕೆ ಕೇಳಿದ್ದಲ್ಲ.

ನಿಂತಿರುವ ಮರವನ್ನು ಕಡಿಯದೆ ಅದರೊಳಗೆ ಎಷ್ಟು ಮರ ಇದೆ ಅಂತ ಹೇಳುವುದು ಕಲ್ಲಂಗಡಿ ಬಡಿದು ನೋಡಿ ಹಣ್ಣೋ ಕಾಯೋ ಹೇಳಿದ ಹಾಗಲ್ಲ. ಅದಕ್ಕೆ ವಿಧಾನ ಇದೆ. ಆ ವಿಧಾನವನ್ನು ನಮ್ಮ ಉಪಖಂಡದ ತೇಗದ ಕಾಡಿಗೆ ಮೊದಲು ದೊಡ್ಡ ಮಟ್ಟದಲ್ಲಿ ತಂದವರಲ್ಲಿ ಮುಖ್ಯರಾದವರು ಡೀಟ್ರಿಚ್ ಬ್ರಾಂಡಿಸ್. ಭಾರತದ ಅರಣ್ಯ ಇಲಾಖೆಯ ಚರಿತ್ರೆ ತೆಗೆದರೆ ಮೊದಲ ಪುಟದಲ್ಲೇ ಸಿಗುವ ಹೆಸರು. ಅವರ ಬಗ್ಗೆಯೂ ಎರಡು ಥರದ ಫಾರ್ವರ್ಡ್ ಓಡಾಡುತ್ತವೆ. ಒಂದರ ಪ್ರಕಾರ ಭಾರತದ ಕಾಡು ಉಳಿಸಿದ ಪುಣ್ಯಾತ್ಮ. ಇನ್ನೊಂದರ ಪ್ರಕಾರ ಲೂಟಿ ಮಾಡುವುದಕ್ಕೋಸ್ಕರ ನಮ್ಮ ಮರಗಳನ್ನು ಎಣಿಸಿದ ಬ್ರಿಟಿಷ್ ಅಧಿಕಾರಿ. ಎರಡನೆಯದರಲ್ಲಿ ಒಂದು ತಪ್ಪು ಈಗಲೇ ಹೇಳಿಬಿಡಬಹುದು: ಅವರು ಬ್ರಿಟಿಷರೇ ಅಲ್ಲ.

ಅರಣ್ಯಶಾಸ್ತ್ರ ಓದದ ಅರಣ್ಯಾಧಿಕಾರಿ

ಬ್ರಾಂಡಿಸ್ ಹುಟ್ಟಿದ್ದು ಜರ್ಮನಿಯ ಬಾನ್ ಊರಿನಲ್ಲಿ, 1824ರ ಮಾರ್ಚ್ 31ರಂದು. ತಂದೆ ತತ್ವಶಾಸ್ತ್ರದ ಪ್ರಾಧ್ಯಾಪಕರು. ಗ್ರೀಸಿನ ರಾಜನ ಆಸ್ಥಾನಕ್ಕೆ ತಂದೆಗೆ ಕರೆ ಬಂದಿದ್ದರಿಂದ ಹುಡುಗನ ಬಾಲ್ಯದ ಕೆಲವು ವರ್ಷ ಅಥೆನ್ಸಿನಲ್ಲಿ ಕಳೆದವು. ಮುಂದೆ ಕೋಪನ್‌ಹೇಗನ್, ಗಟಿಂಗನ್, ಬಾನ್‌ಗಳಲ್ಲಿ ಓದು. ವಿಷಯ ಸಸ್ಯಶಾಸ್ತ್ರ. ಕಾಡು ನಿರ್ವಹಣೆಯನ್ನು ಅವರು ಪಾಠವಾಗಿ ಓದಿದವರಲ್ಲ. 1849ರಲ್ಲಿ ಬಾನ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸಲು ಶುರು ಮಾಡಿದರು. ಹಾಗೇ ಬಿಟ್ಟಿದ್ದರೆ ಒಬ್ಬ ಜರ್ಮನ್ ಪ್ರೊಫೆಸರ್ ಆಗಿ ನಿವೃತ್ತರಾಗುತ್ತಿದ್ದರು, ಅಷ್ಟೇ.

ಅವರನ್ನು ಪೂರ್ವಕ್ಕೆ ಎಳೆದದ್ದು ಮದುವೆ. 1854ರಲ್ಲಿ ಅವರು ಕೈಹಿಡಿದ ರೇಚೆಲ್, ಬಂಗಾಳದ ಶ್ರೀರಾಮಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಅವರ ಮಗಳು. ಶ್ರೀರಾಮಪುರ ಅಂದರೆ ವಿಲಿಯಂ ಕೇರಿ ಅವರ ಊರು. 1817ರಲ್ಲಿ ಕೇರಿ ಕನ್ನಡ ವ್ಯಾಕರಣದ ಪುಸ್ತಕ ಅಚ್ಚು ಹಾಕಿಸಿದ್ದು ಅಲ್ಲಿಯೇ. ರೇಚೆಲ್ ಅವರ ಅಕ್ಕತಂಗಿಯರಲ್ಲಿ ಒಬ್ಬರು ಕಂಪನಿ ಸೇನೆಯ ಹೆಸರಾಂತ ಅಧಿಕಾರಿ ಹೆನ್ರಿ ಹ್ಯಾವ್‌ಲಾಕ್ ಅವರ ಹೆಂಡತಿ. ಈ ನಂಟಸ್ತಿಕೆಯ ದಾರಿಯಲ್ಲಿ ಬ್ರಾಂಡಿಸ್ ಹೆಸರು ಗವರ್ನರ್ ಜನರಲ್ ಡಾಲ್‌ಹೌಸಿಯ ಕಿವಿಗೆ ಬಿತ್ತು. ಇವತ್ತಿನ ಮಾತಲ್ಲಿ ಹೇಳುವುದಾದರೆ ಕೆಲಸ ಸಿಕ್ಕಿದ್ದು ಶಿಫಾರಸಿನಿಂದ. ಶಿಫಾರಸಿನಿಂದ ಬಂದವರೆಲ್ಲ ಕೆಲಸಗೇಡಿಗಳು ಅನ್ನುವ ನಮ್ಮ ನಂಬಿಕೆಗೆ ಇವರು ಸರಿಯಾಗಿ ಹೊಂದುವುದಿಲ್ಲ.

ಡಾಲ್‌ಹೌಸಿಗೆ ಆಗ ತಲೆನೋವಾಗಿದ್ದದ್ದು ಬರ್ಮಾದ ತೇಗ. 1852ರ ಯುದ್ಧದಲ್ಲಿ ಪೆಗು ಪ್ರಾಂತ್ಯ ಕಂಪನಿಯ ಕೈಗೆ ಬಂದಿತ್ತು. ಅದಕ್ಕೆ ಮೊದಲೇ ಗೆದ್ದಿದ್ದ ತೆನಾಸರಿಮ್ ಪ್ರಾಂತ್ಯದ ತೇಗದ ಕಾಡನ್ನು ಖಾಸಗಿ ಗುತ್ತಿಗೆದಾರರು ಸಿಕ್ಕಷ್ಟು ಕಡಿದು ಬರಿದು ಮಾಡಿದ್ದರು. ಹಡಗು ಕಟ್ಟಲು ತೇಗ ಬೇಕು, ಹೊಸದಾಗಿ ಬರುತ್ತಿದ್ದ ರೈಲಿಗೆ ಮೈಲಿಗೆ ಸಾವಿರದ ಏಳುನೂರಕ್ಕೂ ಹೆಚ್ಚು ಸ್ಲೀಪರ್ ಬೇಕು. ಪೆಗು ಕೂಡ ಹಾಗೇ ಖಾಲಿಯಾದರೆ ಮುಂದೇನು? ಕಾಡಿನಲ್ಲಿ ಎಷ್ಟು ತೇಗ ಇದೆ, ವರ್ಷಕ್ಕೆ ಎಷ್ಟು ಕಡಿದರೆ ಕಾಡು ಉಳಿಯುತ್ತದೆ ಎಂಬ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. 1856ರ ಆರಂಭದಲ್ಲಿ ಬ್ರಾಂಡಿಸ್ ಪೆಗುವಿನ ತೇಗದ ಕಾಡುಗಳ ಮೇಲ್ವಿಚಾರಕರಾಗಿ ಬಂದಿಳಿದರು. ಆಗ ಅವರಿಗೆ ಮೂವತ್ತೆರಡು ತುಂಬಿರಲಿಲ್ಲ.

ನಾಲ್ಕು ಬಿದಿರಿನ ತುಂಡು, ಒಂದು ಚಾಕು

ಸಾವಿರಾರು ಚದರ ಮೈಲಿ ಕಾಡು. ಮಳೆ, ಜಿಗಣೆ, ಮಲೇರಿಯಾ. ದಾರಿ ಇಲ್ಲ, ನಕ್ಷೆ ಇಲ್ಲ, ಸಿಬ್ಬಂದಿ ಬೆರಳೆಣಿಕೆ. ಇದರಲ್ಲಿ ಒಂದೊಂದು ಮರವನ್ನೂ ಅಳೆಯುವುದು ಸಾಧ್ಯವಿಲ್ಲ. ಬ್ರಾಂಡಿಸ್ ಮಾಡಿದ್ದು ಇಷ್ಟು: ಆನೆ ಹತ್ತಿ ಕಾಡಿನೊಳಗೆ ಒಂದು ಗೆರೆ ಹಿಡಿದು ಹೋಗುವುದು. ದಾರಿಯ ಎರಡೂ ಪಕ್ಕ ಗೊತ್ತಾದ ದೂರದವರೆಗೆ ಕಾಣುವ ತೇಗದ ಮರಗಳನ್ನು ಮಾತ್ರ ಎಣಿಸುವುದು. ಎಡಗೈಯಲ್ಲಿ ನಾಲ್ಕು ಬಿದಿರಿನ ತುಂಡು, ಬಲಗೈಯಲ್ಲಿ ಚಾಕು. ಒಂದೊಂದು ಮರ ಕಂಡಾಗಲೂ ಅದರ ದಪ್ಪಕ್ಕೆ ತಕ್ಕ ತುಂಡಿನ ಮೇಲೆ ಒಂದು ಕಚ್ಚು. ಸಂಜೆ ಬಿಡಾರಕ್ಕೆ ಬಂದು ಕಚ್ಚುಗಳನ್ನು ಎಣಿಸಿ ಪುಸ್ತಕಕ್ಕೆ ಏರಿಸುವುದು.

ಕಾಗದ ಪೆನ್ಸಿಲ್ ಯಾಕಿಲ್ಲ ಅಂದರೆ, ಬರ್ಮಾದ ಮಳೆಯಲ್ಲಿ ನೆಂದ ಕಾಗದ ಮುದ್ದೆಯಾಗುತ್ತದೆ, ಬಿದಿರಿನ ಮೇಲಿನ ಕಚ್ಚು ಅಳಿಸುವುದಿಲ್ಲ. ಹಾಲಿನ ಲೆಕ್ಕಕ್ಕೆ ಗೋಡೆ ಮೇಲೆ ಗೀಟು ಹಾಕುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸುವ ಅಗತ್ಯ ಇರುತ್ತಿರಲಿಲ್ಲ.

ನಾಲ್ಕು ತುಂಡು ಅಂದರೆ ನಾಲ್ಕು ದರ್ಜೆ. ಸುತ್ತಳತೆ ಆರು ಅಡಿ ಮತ್ತು ಅದಕ್ಕಿಂತ ಹೆಚ್ಚಿದ್ದರೆ ಮೊದಲ ದರ್ಜೆ. ನಾಲ್ಕೂವರೆಯಿಂದ ಆರು ಅಡಿ ಎರಡನೆಯದು. ಒಂದೂವರೆಯಿಂದ ನಾಲ್ಕೂವರೆ ಮೂರನೆಯದು. ಅದಕ್ಕಿಂತ ಸಣ್ಣದೆಲ್ಲ ನಾಲ್ಕನೆಯದು. ಎಣಿಸಿದ ಪಟ್ಟಿಯ ಅಗಲ ಗೊತ್ತು, ನಡೆದ ಉದ್ದ ಗೊತ್ತು, ಹಾಗಾಗಿ ಎಷ್ಟು ವಿಸ್ತೀರ್ಣ ನೋಡಿದ್ದೇವೆ ಅನ್ನುವುದು ಗೊತ್ತು. ಅದರಿಂದ ಇಡೀ ಕಾಡಿನಲ್ಲಿ ಪ್ರತಿ ದರ್ಜೆಯ ಮರ ಎಷ್ಟಿರಬಹುದು ಎಂದು ಗುಣಿಸಿಕೊಳ್ಳಬಹುದು. ಚುನಾವಣಾ ಸಮೀಕ್ಷೆಯವರು ಕೆಲವೇ ಸಾವಿರ ಜನರನ್ನು ಕೇಳಿ ರಾಜ್ಯದ ಮಾತು ಆಡುತ್ತಾರಲ್ಲ, ಅದೇ ತತ್ವ. ವ್ಯತ್ಯಾಸ ಏನೆಂದರೆ ಮರ ಸುಳ್ಳು ಹೇಳುವುದಿಲ್ಲ.

ಇದಾದ ಮೇಲೆ ಬಂದದ್ದು ಅವರ ನಿಜವಾದ ಜಾಣತನ. ಎರಡನೇ ದರ್ಜೆಯ ಮರ ದಪ್ಪವಾಗಿ ಮೊದಲ ದರ್ಜೆಗೆ ಏರಲು ಅವರ ಲೆಕ್ಕದಲ್ಲಿ 24 ವರ್ಷ ಬೇಕು. ಹಾಗಾದರೆ ಈಗ ನಿಂತಿರುವ ಮೊದಲ ದರ್ಜೆಯ ಮರಗಳನ್ನು 24 ಪಾಲು ಮಾಡಿ ವರ್ಷಕ್ಕೆ ಒಂದು ಪಾಲು ಮಾತ್ರ ಕಡಿಯಿರಿ. ಕೊನೆಯ ಪಾಲು ಮುಗಿಯುವ ಹೊತ್ತಿಗೆ ಕೆಳಗಿನ ದರ್ಜೆಯವು ಮೇಲೆ ಬಂದಿರುತ್ತವೆ. ಅಸಲು ಮುಟ್ಟದೆ ಬಡ್ಡಿಯಲ್ಲಿ ಸಂಸಾರ ಮಾಡುವ ಲೆಕ್ಕ ಇದು. ಕೇಳಲು ಸುಲಭ. ರಂಗೂನಿನ ಮರದ ವ್ಯಾಪಾರಿಗಳಿಗೆ ಮಾತ್ರ ಇದು ಸುಲಭವಾಗಿ ಕೇಳಿಸಲಿಲ್ಲ. ಈ ನಿರ್ಬಂಧ ತೆಗೆಯಿರಿ ಅಂತ ಅವರು ಸರ್ಕಾರದ ಮೇಲೆ ಒತ್ತಡ ಹಾಕುತ್ತಲೇ ಇದ್ದರು.

ಸುತ್ತಳತೆಯೇ ಯಾಕೆ?

ಬ್ರಾಂಡಿಸ್ ಎತ್ತರ ಅಳೆಯಲಿಲ್ಲ, ವಯಸ್ಸು ಕೇಳಲಿಲ್ಲ. ಸುತ್ತಳತೆಯ ಮೇಲೆ ನಿಂತರು. ಕಾರಣ ಗಣಿತದಲ್ಲಿದೆ. ಮರದ ಗಾತ್ರ ಸುತ್ತಳತೆಯ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹತ್ತು ಅಡಿ ಉದ್ದದ ಎರಡು ದಿಮ್ಮಿ ಇಟ್ಟುಕೊಳ್ಳಿ, ಒಂದರ ಸುತ್ತಳತೆ 36 ಇಂಚು, ಇನ್ನೊಂದರದು 72 ಇಂಚು. ದಪ್ಪ ಎರಡರಷ್ಟು, ಮರ ನಾಲ್ಕರಷ್ಟು. ಇದೇ ಕಾರಣಕ್ಕೆ ಅಳತೆಯ ಸಣ್ಣ ತಪ್ಪು ದೊಡ್ಡದಾಗುತ್ತದೆ. 36 ಇಂಚಿನ ಮರವನ್ನು 40 ಅಂತ ಬರೆದುಕೊಂಡರೆ ಸುತ್ತಳತೆಯಲ್ಲಿ ತಪ್ಪು ನೂರಕ್ಕೆ ಹನ್ನೊಂದು, ಗಾತ್ರದಲ್ಲಿ ನೂರಕ್ಕೆ ಇಪ್ಪತ್ಮೂರು. ಕಣ್ಣಂದಾಜಿನಲ್ಲಿ ಬದುವಿನ ಮೇಲೆ ನಡೆದು ಹೋಗುವವನು ಈ ನಾಲ್ಕು ಇಂಚನ್ನು ಯಾವ ಕಡೆಗೆ ತಿರುಗಿಸುತ್ತಾನೆ ಅಂತ ಬೇರೆ ಹೇಳಬೇಕಾಗಿಲ್ಲ.

ಎಲ್ಲಿ ಅಳೆಯಬೇಕು ಎಂಬುದೂ ಮುಖ್ಯ. ಬುಡದಲ್ಲಿ ಮರ ಕಾಲು ಅಗಲಿಸಿ ನಿಂತಂತೆ ಉಬ್ಬಿರುತ್ತದೆ. ಅಲ್ಲಿ ಅಳೆದರೆ ಮಾರುವವನಿಗೆ ಖುಷಿ, ಲೆಕ್ಕಕ್ಕೆ ಅಲ್ಲ. ಆದ್ದರಿಂದ ಭಾರತದಲ್ಲಿ ಎದೆಮಟ್ಟ ಅಂದರೆ ನೆಲದಿಂದ 1.37 ಮೀಟರ್, ನಾಲ್ಕೂವರೆ ಅಡಿ ಎಂದು ನಿಗದಿಯಾಗಿದೆ. ಇಳಿಜಾರಿನಲ್ಲಿದ್ದರೆ ಏರು ಬದಿಗೆ ನಿಂತು ಅಳೆಯಬೇಕು. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ದರೆ ಎರಡು ಮರ ಅಂತ ಲೆಕ್ಕ.

ಎತ್ತರ ಬೇಡವೇ ಬೇಡ ಅಂತಲ್ಲ. ಬೇಕು, ಆದರೆ ಅದನ್ನು ಸುತ್ತಳತೆಗೆ ನೇರವಾಗಿ ಗುಣಿಸಿದರೆ ಮೋಸ ಹೋಗುತ್ತೇವೆ. ಮರ ಪೈಪಿನ ಹಾಗಿಲ್ಲ, ಮೇಲೆ ಹೋದಂತೆ ಸಣ್ಣದಾಗುತ್ತದೆ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಜಾಗರ ದೈತ್ಯ ಎಂದು ಕರೆಯುವ ಹಳೆಯ ತೇಗದ ಮರ ಇದೆ. ಸುತ್ತಳತೆ 5.1 ಮೀಟರ್, ಎತ್ತರ ಸುಮಾರು 32 ಮೀಟರ್, ವಯಸ್ಸು ಮುನ್ನೂರಕ್ಕೂ ಹೆಚ್ಚು ವರ್ಷ ಎನ್ನುತ್ತಾರೆ. ಅದನ್ನು ಪೈಪು ಅಂದುಕೊಂಡು ಗುಣಿಸಿದರೆ 66 ಘನ ಮೀಟರ್ ಬರುತ್ತದೆ. ನಿಜವಾದ ಕಾಂಡದಲ್ಲಿ ಅದರ ಅರ್ಧವೂ ಇರುವುದು ಅನುಮಾನ. ಪೈಪಿನ ಲೆಕ್ಕಕ್ಕೂ ಮರದ ಲೆಕ್ಕಕ್ಕೂ ನಡುವಿನ ಈ ಅನುಪಾತಕ್ಕೆ ಆಕಾರಾಂಕ ಅನ್ನಬಹುದು. ಸಾಮಾನ್ಯವಾಗಿ ಅದು 0.4ರಿಂದ 0.5ರ ನಡುವೆ ಇರುತ್ತದೆ. ಒಂದು ಸಾಲಿನ ಈ ತಿದ್ದುಪಡಿ ಇಲ್ಲದೆ ಎಷ್ಟು ಫಾರ್ವರ್ಡುಗಳು ಹುಟ್ಟಿವೆಯೋ!

ಶಿವಮೊಗ್ಗದ ಡಾಕ್ಟರು ಮತ್ತು 1864

ಬರ್ಮಾದ ಕೆಲಸ ನೋಡಿ ಕಲ್ಕತ್ತೆಯ ಸರ್ಕಾರ ಬ್ರಾಂಡಿಸ್ ಅವರನ್ನು ಇಡೀ ಭಾರತದ ಕಾಡಿನ ಕೆಲಸಕ್ಕೆ ಕರೆಸಿಕೊಂಡಿತು. 1863ರಲ್ಲಿ ಹೆಂಡತಿ ರೇಚೆಲ್ ತೀರಿಕೊಂಡರು. ಮರುವರ್ಷ, 1864ರಲ್ಲಿ, ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು.

ಆ ಹುದ್ದೆಗೆ ಕೇಳಿಬರುತ್ತಿದ್ದ ಇನ್ನೊಂದು ಹೆಸರು ನಮ್ಮ ಕಡೆಗೆ ಹತ್ತಿರದ್ದು. ಹ್ಯೂ ಕ್ಲೆಗ್‌ಹಾರ್ನ್. ಮದ್ರಾಸಿನಲ್ಲಿ ಹುಟ್ಟಿದ ಸ್ಕಾಟಿಷ್ ಡಾಕ್ಟರು. 1840ರ ದಶಕದಲ್ಲಿ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಾಗ ನಗರ ವಿಭಾಗದ ವೈದ್ಯರಾಗಿ ಶಿವಮೊಗ್ಗದಲ್ಲಿದ್ದರು. ದಿನಕ್ಕೊಂದು ಗಿಡ ಅಭ್ಯಾಸ ಮಾಡುವುದು, ಸ್ಥಳೀಯ ಕಲಾವಿದನಿಂದ ಅದರ ಚಿತ್ರ ಬರೆಸುವುದು ಅವರ ರೂಢಿ. ತರೀಕೆರೆ ಸೀಮೆಯ ಪಕ್ಕದಲ್ಲೇ ಕೂತು ಮಲೆನಾಡಿನ ಕಾಡು ಕರಗುವುದನ್ನು ನೋಡಿದ ಈ ಡಾಕ್ಟರು ಮುಂದೆ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಕರಾದರು. ಕುಮರಿ ಬೇಸಾಯದ ಕಟ್ಟಾ ವಿರೋಧಿ. ದೊಡ್ಡ ಹುದ್ದೆ ಬ್ರಾಂಡಿಸ್ ಪಾಲಾದರೂ ಇಬ್ಬರೂ ಜೊತೆಯಾಗಿ ದುಡಿದರು. ಬ್ರಾಂಡಿಸ್ ರಜೆಯಲ್ಲಿದ್ದಾಗ ಅವರ ಜಾಗದಲ್ಲಿ ಕ್ಲೆಗ್‌ಹಾರ್ನ್ ಕೂತದ್ದೂ ಉಂಟು.

ಮೈಸೂರು ಸಂಸ್ಥಾನದ ಅರಣ್ಯ ಇಲಾಖೆ ಶುರುವಾದದ್ದೂ 1864ರಲ್ಲೇ. ಆಗಷ್ಟೇ ರೂಪುಗೊಂಡಿದ್ದ ಈಗಿನ ಚಿಕ್ಕಮಗಳೂರು ಜಿಲ್ಲೆಯ ಹೆಸರು ಆಗ ಕಡೂರು ಜಿಲ್ಲೆ. ಅದರ ಪಶ್ಚಿಮದ ಕಾಡು ಮುಂದೆ ಯಾರಿಗೆಲ್ಲ ಬೇಕಾಯಿತು ನೋಡಿ. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಸಣ್ಣ ಗೇಜಿನ ರೈಲು ಹಾಕಿದರು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಸುಟ್ಟದ್ದು ಸುತ್ತಲ ಕಾಡಿನ ಮರದಿಂದ. ಕಾಡಿನಲ್ಲಿ ಎಷ್ಟು ಮರ ಇದೆ ಅನ್ನುವ ಲೆಕ್ಕ ಇಲ್ಲದೆ ಅಂಥ ಕಾರ್ಖಾನೆ ಕಟ್ಟಲು ಯಾರೂ ಕೈ ಹಾಕುವುದಿಲ್ಲ. ಆನೆ ಮೇಲಿನ ಬಿದಿರಿನ ಕಚ್ಚು ಅಷ್ಟು ದೂರ ಬಂದಿತ್ತು.

ಕಚ್ಚು ಬೀಳದ ಮರಗಳು

ಈಗ ಮೊದಲಿನ ಎರಡು ಫಾರ್ವರ್ಡ್. ಪುಣ್ಯಾತ್ಮನೋ, ಲೂಟಿಕೋರನೋ?

ಬ್ರಾಂಡಿಸ್ ಎಣಿಸಿದ್ದು ತೇಗವನ್ನು. ಆನೆ ಹಾದುಹೋದ ದಾರಿಯಲ್ಲಿ ಬೇರೆ ನೂರಾರು ಜಾತಿಯ ಮರಗಳಿದ್ದವು, ಕರೆನ್ ಜನರ ಬೇಸಾಯದ ತುಂಡುಗಳಿದ್ದವು, ಜೇನು, ಬೆತ್ತ, ಗೆಡ್ಡೆಗೆಣಸು ಇದ್ದವು. ಅವುಗಳಿಗೆ ಬಿದಿರಿನ ತುಂಡು ಇರಲಿಲ್ಲ. ಸರ್ಕಾರಕ್ಕೆ ಏನು ಬೇಕಿತ್ತೋ ಅದಕ್ಕೆ ಮಾತ್ರ ಕಚ್ಚು ಬಿತ್ತು, ಮಿಕ್ಕದ್ದು ಪುಸ್ತಕಕ್ಕೆ ಬರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದು ನಿಧಾನವಾಗಿ ನೆಲದ ಮೇಲೂ ಇಲ್ಲದ ಹಾಗೆ ಆಗಿಬಿಡುತ್ತದೆ. ನಮ್ಮ ಅಜ್ಜಂಪುರದ ಅಮೃತಮಹಲ್ ಕಾವಲನ್ನೇ ತೆಗೆದುಕೊಳ್ಳಿ. ನಾಟಾ ಲೆಕ್ಕದವರ ಕಣ್ಣಿಗೆ ಅದರ ಬೆಲೆ ಸೊನ್ನೆ. ದನ ಮೇಯಿಸುವವರನ್ನು ಕೇಳಿದರೆ ಉತ್ತರ ಬೇರೆ.

ಅಳತೆ ಅಂದಮೇಲೆ ಅದರ ಹಿಂದೆ ಕಾನೂನು ಬಂತು. 1865ರಲ್ಲಿ ಮೊದಲ ಅರಣ್ಯ ಕಾಯ್ದೆ, 1878ರಲ್ಲಿ ಇನ್ನೂ ಬಿಗಿಯಾದದ್ದು. ಎರಡನೆಯದರ ಚರ್ಚೆಯಲ್ಲಿ ಬೇಡನ್ ಪವೆಲ್ ಎಂಬ ಅಧಿಕಾರಿಯ ವಾದ ಏನೆಂದರೆ, ಜನ ಕಾಡು ಬಳಸುತ್ತಿದ್ದದ್ದು ಹಕ್ಕಲ್ಲ, ದೊರೆ ಕೊಟ್ಟ ರಿಯಾಯಿತಿ, ಹಾಗಾಗಿ ಪೂರ್ತಿ ಸರ್ಕಾರದ್ದು ಮಾಡಿಕೊಳ್ಳಿ. ಮದ್ರಾಸಿನ ಕಂದಾಯ ಅಧಿಕಾರಿಗಳು ಇದಕ್ಕೆ ತದ್ವಿರುದ್ಧ. ಬ್ರಾಂಡಿಸ್ ನಡುವೆ ನಿಂತರು. ಬೆಲೆಬಾಳುವ ಕಾಡು ಸರ್ಕಾರಕ್ಕಿರಲಿ, ಹಳ್ಳಿಗಳಿಗೆ ಅವರದೇ ಕಾಡು ಬಿಟ್ಟುಕೊಡಿ, ಅದನ್ನು ಅವರೇ ನೋಡಿಕೊಳ್ಳಲಿ ಎಂಬುದು ಅವರ ನಿಲುವು. ಕಾಯ್ದೆಯಲ್ಲಿ ಗ್ರಾಮ ಅರಣ್ಯ ಎಂಬ ಅಧ್ಯಾಯವೇನೋ ಸೇರಿತು, ಆದರೆ ಹೆಚ್ಚಿನ ಕಡೆ ಅದು ಕಾಗದದಲ್ಲೇ ಉಳಿಯಿತು. ನನ್ನ ಪ್ರಕಾರ ಅವರ ಬದುಕಿನ ದೊಡ್ಡ ಸೋಲು ಇದು. ಅದರ ಬಿಸಿ ತಟ್ಟಿದ್ದು ಮಾತ್ರ ಅವರಿಗಲ್ಲ, ಸೌದೆ ತರಲು ಹೋಗಿ ದಂಡ ಕಟ್ಟಿದವರಿಗೆ.

ಅವರಿಗೆ ಜನರ ಕಾಡಿನ ಬಗ್ಗೆ ಕಣ್ಣಿತ್ತು ಅನ್ನುವುದಕ್ಕೆ ಒಂದು ಗುರುತು ನಮ್ಮ ಪಕ್ಕದಲ್ಲೇ ಸಿಗುತ್ತದೆ. ಕೊಡಗಿನ ದೇವರಕಾಡುಗಳನ್ನು ಅವರು ಗಮನಿಸಿದ್ದರು. ಇಂಥ ಕಾಡುಗಳನ್ನು ಭಾರತದ ಬಹುತೇಕ ಎಲ್ಲ ಪ್ರಾಂತ್ಯಗಳಲ್ಲೂ ಕಂಡಿದ್ದಾಗಿ ಮುಂದೆ ಪುಸ್ತಕದಲ್ಲಿ ಬರೆದರು. ಬರ್ಮಾದಲ್ಲಿ ಕರೆನ್ ಜನರನ್ನು ಓಡಿಸುವ ಬದಲು, ಅವರು ಸುಟ್ಟು ಬಿತ್ತುವ ಗುಡ್ಡದ ಹೊಲದಲ್ಲೇ ಬೆಳೆಯ ಜೊತೆ ತೇಗ ನೆಡಿಸುವ ಟಾಂಗ್ಯಾ ಪದ್ಧತಿಯನ್ನು ಬೆಳೆಸಿದ್ದೂ ಅವರ ಕಾಲದಲ್ಲೇ. ಜಾಣ ಉಪಾಯ, ಸಂಶಯವಿಲ್ಲ. ಆದರೆ ಬೆಳೆದ ತೇಗ ಸರ್ಕಾರದ್ದು, ನೆಟ್ಟವರು ಮುಂದಿನ ಗುಡ್ಡಕ್ಕೆ ಹೋಗಬೇಕು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ.

ಶಾಲೆ, ಪುಸ್ತಕ, ಕೊನೆಯ ದಿನಗಳು

ಒಬ್ಬ ಮನುಷ್ಯ ಆನೆ ಮೇಲೆ ಕೂತು ದೇಶದ ಕಾಡನ್ನೆಲ್ಲ ಎಣಿಸಲಾಗುವುದಿಲ್ಲ. ಬ್ರಾಂಡಿಸ್ 1860ರ ದಶಕದಲ್ಲಿ ಜರ್ಮನಿಯಿಂದ ಶ್ಲಿಕ್, ರಿಬೆನ್‌ಟ್ರಾಪ್ ಎಂಬ ತರಬೇತಾದ ಇಬ್ಬರನ್ನು ಕರೆಸಿದರು. ಅವರ ನಂತರ ಮಹಾನಿರೀಕ್ಷಕರಾದವರು ಇವರೇ, ಒಬ್ಬರ ಹಿಂದೆ ಒಬ್ಬರು. 1878ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ತೆರೆಯಿತು. ಭಾರತೀಯ ರೇಂಜರುಗಳು ಟೇಪು ಹಿಡಿಯಲು ಕಲಿತದ್ದು ಅಲ್ಲಿ. ನಿವೃತ್ತಿಗೆ ಮುಂಚಿನ ಕೊನೆಯ ದೊಡ್ಡ ಕೆಲಸ ಮದ್ರಾಸ್ ಪ್ರಾಂತ್ಯದ್ದು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಅದರೊಳಗೇ ಇದ್ದವು. 1882ರ ಮದ್ರಾಸ್ ಅರಣ್ಯ ಕಾಯ್ದೆಯ ಹಿಂದೆ ಅವರ ಕೈ ಇದೆ. 1883ರಲ್ಲಿ ಭಾರತ ಬಿಟ್ಟರು.

ಬಾನ್‌ಗೆ ಹಿಂತಿರುಗಿದ ಮೇಲೂ ಸುಮ್ಮನೆ ಕೂರಲಿಲ್ಲ. ಭಾರತಕ್ಕೆ ಹೊರಟ ಬ್ರಿಟಿಷ್ ವಿದ್ಯಾರ್ಥಿಗಳನ್ನು ಯುರೋಪಿನ ಕಾಡು ಸುತ್ತಿಸಿದರು. ಸಲಹೆ ಕೇಳಿ ಬಂದ ಅಮೆರಿಕದ ತರುಣ ಗಿಫರ್ಡ್ ಪಿಂಚಾಟ್ ಮುಂದೆ ಆ ದೇಶದ ಅರಣ್ಯ ಸೇವೆಯ ಮೊದಲ ಮುಖ್ಯಸ್ಥನಾದ. ಪೆಗುವಿನ ಬಿದಿರಿನ ತುಂಡಿನ ಪಾಠ ಹೀಗೆ ಕಡಲು ದಾಟಿತು. ಎಂಬತ್ತು ದಾಟಿದ ಮೇಲೆ, 1906ರಲ್ಲಿ, ಭಾರತದ ಮರಗಳ ಬಗ್ಗೆ ಅವರ ದೊಡ್ಡ ಗ್ರಂಥ ಹೊರಬಂತು. ಮರುವರ್ಷ ಮೇ ತಿಂಗಳಲ್ಲಿ, ಹುಟ್ಟಿದ ಊರಿನಲ್ಲೇ ತೀರಿಕೊಂಡರು.

ಅವರ ನಾಲ್ಕು ದರ್ಜೆಗಳು ಒರಟು ಅಳತೆ. ಅದನ್ನು ನಯ ಮಾಡಿದ್ದು ನಂತರದವರು. ಸಾವಿರಾರು ಮರಗಳನ್ನು ಕಡಿದು, ತುಂಡು ತುಂಡಾಗಿ ಅಳೆದು, ಇಷ್ಟು ಸುತ್ತಳತೆ ಇಷ್ಟು ಎತ್ತರಕ್ಕೆ ಇಷ್ಟು ಗಾತ್ರ ಎಂಬ ಕೋಷ್ಟಕ ಮಾಡಿದರು. ನೆಟ್ಟ ತೇಗದ ತೋಪುಗಳಿಗೆ ಲಾರಿ ಮತ್ತು ರಾಮ್ ಎಂಬಿಬ್ಬರು 1940ರಲ್ಲಿ ಪ್ರಕಟಿಸಿದ ಇಳುವರಿ ಕೋಷ್ಟಕವನ್ನು ಸಂಶೋಧಕರು ಇವತ್ತಿಗೂ ಉಲ್ಲೇಖಿಸುತ್ತಾರೆ.

ಹಾಗಾದರೆ ಆ ಮೂರು ಕೋಟಿ?

ಫಾರ್ವರ್ಡಿನ ಮರವನ್ನು ಈಗ ಎದೆಮಟ್ಟದಲ್ಲಿ ಹಿಡಿದು ನೋಡೋಣ. ವ್ಯಾಪಾರದ ಲೆಕ್ಕದಲ್ಲಿ ಮರಕ್ಕೆ 20 ಸಿಎಫ್‌ಟಿ ಬರಬೇಕಾದರೆ, 20 ಅಡಿ ಉದ್ದದ ನೆಟ್ಟನೆ ದಿಮ್ಮಿಗೆ ನಡುಮಧ್ಯದಲ್ಲಿ 48 ಇಂಚು ಸುತ್ತಳತೆ ಇರಬೇಕು. ನಾಲ್ಕು ಅಡಿ, ಅದೂ ಏಣಿ ಹತ್ತಿ ಅಳೆಯುವ ಎತ್ತರದಲ್ಲಿ. ಅಂಥವು ಎಕರೆಗೆ 500. ಅಷ್ಟೂ ಮರಗಳನ್ನು ಅಡ್ಡಲಾಗಿ ಕುಯ್ದು, ಕುಯ್ದ ಮುಖಗಳ ವಿಸ್ತೀರ್ಣ ಕೂಡಿಸಿದರೆ ಎಕರೆಗೆ 630 ಚದರಡಿ ದಾಟುತ್ತದೆ. ಚೆನ್ನಾಗಿ ಬೆಳೆದ ತೇಗದ ತೋಪಿನಲ್ಲಿ ಸಾಮಾನ್ಯವಾಗಿ ಅದು 90ರಿಂದ 130 ಚದರಡಿಯ ಆಸುಪಾಸು. ಅಂದರೆ ಫಾರ್ವರ್ಡ್ ಬರೆದವರು ಒಂದು ಎಕರೆಯಲ್ಲಿ ಐದು ಎಕರೆಯ ಮರ ತುರುಕಿದ್ದಾರೆ. ನಿಜವಾದ ತೋಪಿನಲ್ಲಿ ದಟ್ಟವಾಗಿ ನೆಟ್ಟರೂ ನಡುನಡುವೆ ಸಾಕಷ್ಟು ಮರ ತೆಗೆದು ತೆಳುವು ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಎಲ್ಲವೂ ಸಣಕಲಾಗಿ ನಿಲ್ಲುತ್ತವೆ. ಹೀಗಾಗಿ ಫಾರ್ವರ್ಡಿನ ಲೆಕ್ಕ ಸುಳ್ಳು. ಇದೇ ಬಗೆಯ ಲೆಕ್ಕ ತೋರಿಸಿ 1990ರ ದಶಕದಲ್ಲಿ ತೇಗದ ಕಂಪನಿಗಳು ದೇಶದ ತುಂಬ ಜನರಿಂದ ಹಣ ಎತ್ತಿದ್ದವು. 1999ರಲ್ಲಿ ಸೆಬಿ ಇಂಥ ಯೋಜನೆಗಳಿಗೆ ನಿಯಮ ತರಬೇಕಾಯಿತು.

ಇನ್ನೊಂದು ಜನಪ್ರಿಯ ದೂರು: ವ್ಯಾಪಾರಿ ಹಗ್ಗವನ್ನು ದಿಮ್ಮಿಗೆ ಸುತ್ತಿ, ನಾಲ್ಕಾಗಿ ಮಡಚಿ, ಆ ಕಾಲುಭಾಗವನ್ನು ಅದರಿಂದಲೇ ಗುಣಿಸಿ ಉದ್ದಕ್ಕೆ ಹೊಡೆಯುತ್ತಾನೆ, ಇದರಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಕಳ್ಳತನ ಇದೆ ಎಂಬುದು. ಇದು ಅರ್ಧ ನಿಜ. 36 ಇಂಚಿನ ಹತ್ತಡಿ ದಿಮ್ಮಿಗೆ ಈ ಲೆಕ್ಕದಲ್ಲಿ 5.6 ಸಿಎಫ್‌ಟಿ, ದುಂಡನೆಯ ಪೂರ್ತಿ ಲೆಕ್ಕದಲ್ಲಿ 7.2. ವ್ಯತ್ಯಾಸ ಇರುವುದು ಹೌದು. ಆದರೆ ಇದು ಲಂಡನ್ನಿನ ಎಡ್ವರ್ಡ್ ಹಾಪಸ್ 1736ರಲ್ಲಿ ಪುಸ್ತಕ ಮಾಡಿದ ಹಳೆಯ ರೂಢಿ, ದುಂಡು ಮರವನ್ನು ಚೌಕ ಮಾಡುವಾಗ ಹೋಗುವ ನಷ್ಟವನ್ನು ಮೊದಲೇ ಕಳೆದು ಹಿಡಿಯುವ ಲೆಕ್ಕ. ಮರದ ರೇಟು ಕೂಡ ಇದೇ ಅಳತೆಯ ಮೇಲೆ ನಿಂತಿದ್ದರೆ ಯಾರಿಗೂ ಮೋಸವಿಲ್ಲ. ಅಳತೆ ಹಾಪಸ್‌ದು, ರೇಟು ಪೂರ್ತಿ ಗಾತ್ರದ್ದು ಅಂತ ಬೆರೆಸಿದರೆ ಮೋಸ. ರೇಟು ಕೇಳುವಾಗ ಯಾವ ಅಳತೆಗೆ ಅಂತಲೂ ಕೇಳಿ.

ಕಳೆದ ತಿಂಗಳು ಊರಿಗೆ ಹೋದಾಗ ಚಿಕ್ಕಪ್ಪನೂ ನಾನೂ ಟೈಲರ್ ಟೇಪು ಹಿಡಿದು ಬದುವಿನ ಮೇಲೆ ಇಳಿದೆವು. ಎತ್ತರಕ್ಕೆ ಕೋಲಿನ ಉಪಾಯ: ಕೈ ಚಾಚಿದಷ್ಟೇ ಉದ್ದದ ಕೋಲನ್ನು ಮುಂದೆ ನೆಟ್ಟಗೆ ಹಿಡಿದು, ಮರದ ಬುಡ ತುದಿ ಎರಡೂ ಕೋಲಿನೊಳಗೆ ಸರಿಯಾಗಿ ಕೂರುವವರೆಗೆ ಹಿಂದೆ ಹೋಗುವುದು. ನೀವು ನಿಂತ ಜಾಗದಿಂದ ಮರಕ್ಕೆ ಎಷ್ಟು ದೂರವೋ ಅಷ್ಟೇ ಎತ್ತರ. ಹಿಂದೆ ಹೋಗುವಾಗ ಚಿಕ್ಕಪ್ಪ ಬಸಿಗಾಲುವೆಯಲ್ಲಿ ಕಾಲಿಟ್ಟರು, ಅದು ಬೇರೆ ಮಾತು.

ಏಳನೇ ಮರ ಎದೆಮಟ್ಟದಲ್ಲಿ 40 ಇಂಚು, ಎತ್ತರ 45 ಅಡಿ. ಪೈಪಿನ ಲೆಕ್ಕದಲ್ಲಿ 40 ಸಿಎಫ್‌ಟಿ. ಆಕಾರಾಂಕ 0.45 ಹಿಡಿದರೆ ತೊಗಟೆ, ತುದಿ ಎಲ್ಲ ಸೇರಿ 18. ಮೊದಲ ದೊಡ್ಡ ಕೊಂಬೆಯವರೆಗೆ ಮಾರಲು ಬರುವ 15 ಅಡಿ ದಿಮ್ಮಿ, ಅದರ ನಡುವಿನ ಸುತ್ತಳತೆ 34 ಇಂಚು ಹಿಡಿದು ಹಗ್ಗ ಮಡಚಿದರೆ ಏಳೂವರೆ. ಒಂದೇ ಮರ, ಮೂರು ಉತ್ತರ. ಇದರೊಳಗೆ ಚೇಗು ಎಷ್ಟು, ಬಿಳಿ ಮರ ಎಷ್ಟು ಅನ್ನುವುದು ಕೊಯ್ದ ಮೇಲೇ ಗೊತ್ತಾಗುವುದು. ಎಳೆಯ ಮರದಲ್ಲಿ ಬಿಳಿಯ ಪಾಲು ಜಾಸ್ತಿ.

ವ್ಯಾಪಾರಿ ಹೇಳಿದ್ದ ಮೊತ್ತ ನಮ್ಮ ಏಳೂವರೆಯ ಲೆಕ್ಕಕ್ಕಿಂತಲೂ ಕೆಳಗಿತ್ತು, ಫಾರ್ವರ್ಡಿನಷ್ಟು ದೂರವೇನಲ್ಲ. ಐದು ದಪ್ಪ ಮರಗಳಿಗೆ ಮಾತ್ರ ಅರಣ್ಯ ಇಲಾಖೆಗೆ ಅರ್ಜಿ ಹಾಕುವುದು ಅಂತ ಚಿಕ್ಕಪ್ಪ ತೀರ್ಮಾನಿಸಿದ್ದಾರೆ. ಸ್ವಂತ ಜಮೀನಿನ ತೇಗಕ್ಕೂ ಕಡಿಯಲು ಅನುಮತಿ, ಸಾಗಿಸಲು ಪಾಸು ಬೇಕು. ಮಿಕ್ಕ ಹದಿನೇಳಕ್ಕೆ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಬಿಳಿ ಪೇಂಟಿನ ಗೆರೆ ಎಳೆದಿದ್ದೇವೆ. ಅಳತೆಗಳನ್ನು ಚಿಕ್ಕಮ್ಮ ಡೈರಿಯ ಹಾಲಿನ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದಾರೆ. ಮುಂದಿನ ಯುಗಾದಿಗೆ ಅದೇ ಗೆರೆಯ ಮೇಲೆ ಟೇಪು ಸುತ್ತಬೇಕು.